ದಸ್ಕತ್ತು ಕತ್ತರಿಸಬೇಡಿ, ಕಾಗದ ಉಳಿಸಿ

ಕಲಬುರಗಿ ಭಾಗದ ಜನ ಒಂದು ಸಹಿಗಾಗಿ ಹದಿಮೂರು ತಿಂಗಳು ಕಾದರು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಒಕ್ಕೂಟ ಸೇರುವ ಪತ್ರಕ್ಕೆ ಸಹಿ ಹಾಕಲಿಲ್ಲ. ಅದೇ ವರ್ಷ ನವೆಂಬರ್ 29ರಂದು ಅವರು ಸಹಿ ಹಾಕಿದ್ದು ಯಥಾಸ್ಥಿತಿ ಒಪ್ಪಂದಕ್ಕೆ, ಅದೂ ಒಂದು ವರ್ಷದ ಮಟ್ಟಿಗೆ. ವರ್ಷ ತುಂಬುವ ಮೊದಲೇ, 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. 17ರಂದು ನಿಜಾಮರ ಆಡಳಿತ ಶರಣಾಯಿತು. ಭಾರತದ ಸಂವಿಧಾನವನ್ನು ಒಪ್ಪುವ ಫರ್ಮಾನು ಹೊರಬಿದ್ದದ್ದು 1949ರ ನವೆಂಬರ್ 23ರಂದು.

1950ರ ಜನವರಿ 24ರಂದು ಸಂವಿಧಾನ ಸಭೆಯ 284 ಸದಸ್ಯರು ಸಂವಿಧಾನದ ಪ್ರತಿಗೆ ಸಹಿ ಹಾಕಿದರು. ಹಳೆ ಮೈಸೂರಿನವರ ಸಹಿ ಅಲ್ಲಿದೆ. ಹೈದರಾಬಾದ್ ಸಂಸ್ಥಾನಕ್ಕೆ ಆ ಸಭೆಯಲ್ಲಿ ಪ್ರತಿನಿಧಿಗಳೇ ಇರಲಿಲ್ಲ. ಹಾಗಾಗಿ ಆಳಂದ, ಅಫಜಲಪುರ, ಜೇವರ್ಗಿಯ ಜನರ ಪರವಾಗಿ ಬಿದ್ದ ಒಂದು ಸಹಿಯೂ ಆ ಪುಟಗಳಲ್ಲಿಲ್ಲ.

ರಾಜರು ಹಾಕಿದ ಸಹಿ, ಹಾಕದೇ ಬಿಟ್ಟ ಸಹಿ, ಎರಡರ ದಾಖಲೆಯೂ ದೊಡ್ಡ ಊರಿನ ಪತ್ರಾಗಾರಗಳಲ್ಲಿ ಭದ್ರವಾಗಿದೆ. ಈ ಬರಹ ಅವುಗಳ ಬಗ್ಗೆ ಅಲ್ಲ. ನಮ್ಮ ಮೂರು ತಾಲೂಕುಗಳ ಮನೆಗಳಲ್ಲಿ, ಸಂದೂಕದ ತಳದಲ್ಲಿ, ಹೊಲದ ಉತಾರೆ ಮತ್ತು ಮದುವೆಯ ಯಾದಿಯ ನಡುವೆ ಮಡಚಿಟ್ಟ ಕಾಗದಗಳ ಬಗ್ಗೆ. ಅವುಗಳಲ್ಲಿ ಹೋರಾಟಗಾರರು, ಸ್ವಾಮಿಗಳು, ಕವಿಗಳು, ಮಂತ್ರಿಗಳು ಹಾಕಿದ ಸಹಿಗಳಿರುತ್ತವೆ. ಅವನ್ನು ಸಂಗ್ರಹಿಸುವುದು ಎಂದರೇನು, ಯಾಕೆ ಸಂಗ್ರಹಿಸಬೇಕು ಎಂಬುದು ಇಲ್ಲಿನ ವಿಷಯ.

ಐದು ರೂಪಾಯಿಯ ಸಹಿ

ಆಟೋಗ್ರಾಫ್ ಎಂದ ಕೂಡಲೇ ನಮಗೆ ನೆನಪಾಗುವುದು ಸಣ್ಣ ಬಣ್ಣದ ಪುಸ್ತಕ ಹಿಡಿದು ಕ್ರಿಕೆಟ್ ಆಟಗಾರನ ಮುಂದೆ ನಿಂತ ಹುಡುಗರು. ಈ ಗೀಳು ಸ್ವಾತಂತ್ರ್ಯ ಹೋರಾಟದ ಕಾಲದಲ್ಲೂ ಇತ್ತು. ಗಾಂಧೀಜಿ ಅದನ್ನು ಕೆಲಸಕ್ಕೆ ಹಚ್ಚಿದರು. ಸಹಿ ಬೇಕೆಂದವರಿಂದ ಹರಿಜನ ನಿಧಿಗೆ ಐದು ರೂಪಾಯಿ ಪಡೆಯುತ್ತಿದ್ದರು. ಬಲಗೈ ದಣಿದರೆ ಎಡಗೈಯಲ್ಲಿ ಬರೆಯುತ್ತಿದ್ದರು. ಹಾಗಾಗಿ ಅವರ ಅಕ್ಷರ ಎರಡು ಬಗೆಯದು ಸಿಗುತ್ತದೆ. ಇದು ಗೊತ್ತಿಲ್ಲದವರು ಎಡಗೈ ಬರಹವನ್ನು ನಕಲಿ ಎಂದು ತಳ್ಳಿಹಾಕಬಹುದು.

ಅಂತಹ ಕಾಗದಗಳಿಗೆ ಇಂದು ದೊಡ್ಡ ಮಾರುಕಟ್ಟೆ ಇದೆ. ದಕ್ಷಿಣ ಆಫ್ರಿಕಾದ ಗೆಳೆಯ ಹರ್ಮನ್ ಕಾಲೆನ್‌ಬಾಖ್ ಅವರ ಬಳಿ ಇದ್ದ ಗಾಂಧಿ ಪತ್ರಗಳು 2012ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಿದ್ದವು. ಭಾರತ ಸರ್ಕಾರ ಕೋಟಿಗಟ್ಟಲೆ ಹಣ ಕೊಟ್ಟು, ಹರಾಜಿಗೆ ಮೊದಲೇ ಇಡೀ ಸಂಗ್ರಹವನ್ನು ಕೊಂಡಿತು. ಇಡಿಯಾಗಿ ಕೊಂಡದ್ದು ಮುಖ್ಯ. ಒಂದೊಂದೇ ಕಾಗದವಾಗಿ ಹತ್ತು ಜನರ ಪಾಲಾಗಿದ್ದರೆ ಅದು ಸಂಗ್ರಹವಾಗಿ ಉಳಿಯುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆ ಹಣದ್ದಲ್ಲ. ಗಾಂಧೀಜಿಯ ಸಮಗ್ರ ಬರಹಗಳ ಇಂಗ್ಲಿಷ್ ಸಂಪುಟಗಳು ನೂರು. ಅದರ ಕೆಲಸ 1956ರಲ್ಲಿ ಶುರುವಾಗಿ 1994ರ ತನಕ ನಡೆಯಿತು. ಅದರಲ್ಲಿ ಸಾವಿರಾರು ಪತ್ರಗಳಿವೆ. ಪತ್ರ ಬರೆದವರು ಗಾಂಧಿ, ಆದರೆ ಕಾಗದ ಉಳಿದದ್ದು ಪಡೆದವರ ಮನೆಯಲ್ಲಿ. ಆ ಮನೆಯವರು ಕಾಗದವನ್ನೋ ಅದರ ಫೋಟೋ ಪ್ರತಿಯನ್ನೋ ಕೊಟ್ಟಿದ್ದರಿಂದ ಇತಿಹಾಸ ಆಯಿತು. ಪತ್ರದ ವಿಷಯದಲ್ಲಿ ಇತಿಹಾಸ ಉಳಿಸುವವನು ಬರೆದವನಲ್ಲ, ಎತ್ತಿಟ್ಟವನು.

ಅಂಕಿತ, ದಸ್ಕತ್ತು, ಹೆಬ್ಬೆಟ್ಟು

ನಮ್ಮ ಭಾಗದಲ್ಲಿ ಸಹಿಗೆ ಹಲವು ಹೆಸರುಗಳಿವೆ. ಕಚೇರಿಯಲ್ಲಿ ಸಹಿ, ಊರಲ್ಲಿ ಸೈ ಅಥವಾ ದಸ್ಕತ್ತು, ಪುಸ್ತಕದ ಮಾತಿನಲ್ಲಿ ರುಜು, ಹಸ್ತಾಕ್ಷರ, ಅಂಕಿತ. ಫಾರಸಿ, ಸಂಸ್ಕೃತ, ಕನ್ನಡ ಎಲ್ಲ ಒಂದೇ ಕಾಗದದ ಕೆಳಗೆ ಬಂದು ಕೂತಿವೆ. ಹೆಸರುಗಳಷ್ಟೇ ಹಳೆಯದು ಸಹಿಯ ಚರಿತ್ರೆ.

ಕರ್ನಾಟಕದಲ್ಲಿ ಸಿಕ್ಕ ಅತಿ ಹಳೆಯ ಸಹಿ ರಾಜನದ್ದಲ್ಲ, ಬರೆಯುವವನದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿದ್ದಾನೆ. ಶಾಸನವೆಲ್ಲ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿ. ತಾನು ಲಿಪಿಕಾರ ಎನ್ನುವ ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದ. ವಾಯವ್ಯ ಭಾರತದ ಲಿಪಿ ಬಲ್ಲವನೊಬ್ಬ ಇಲ್ಲಿ ಬಂದು ಕೆಲಸ ಮಾಡಿದ್ದ ಎಂಬುದು ಆ ಒಂದು ಪದದಿಂದ ತಿಳಿಯಿತು. ಅವನ ಹೆಸರನ್ನಷ್ಟೇ ಕಲ್ಲಿನಿಂದ ಕಿತ್ತು ಬೇರೆ ಕಡೆ ಇಟ್ಟಿದ್ದರೆ ಈ ಯಾವ ತಿಳಿವೂ ಸಿಗುತ್ತಿರಲಿಲ್ಲ.

ಜೇವರ್ಗಿಯಿಂದ ಭೀಮೆಯ ಹರಿವಿನ ಜೊತೆ ಕೆಳಗೆ ಸಾಗಿದರೆ ಚಿತ್ತಾಪುರ ತಾಲೂಕಿನ ಸನ್ನತಿ ಸಿಗುತ್ತದೆ. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಆಜ್ಞೆಗಳು ಕಂಡವು. ಅದರಲ್ಲಿ ಹದಿನಾಲ್ಕನೆಯ ಬಂಡೆಶಾಸನವೂ ಇದೆ. ಕೆಲವು ಕಡೆ ಬರಹ ಅಪೂರ್ಣವಾಗಿರುವುದಕ್ಕೆ ಲಿಪಿಕಾರನ ತಪ್ಪೂ ಕಾರಣ ಇರಬಹುದು ಎಂದು ಚಕ್ರವರ್ತಿಯೇ ಹೇಳುವ ಶಾಸನ ಅದು. ಆದರೆ ಸನ್ನತಿಯ ಕಲ್ಲಿನಲ್ಲಿ ಲಿಪಿಕಾರ ಮಾಡದ ನಷ್ಟವೊಂದಿದೆ. ಮೂರ್ತಿ ಕೂಡಿಸಲು ಯಾರೋ ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದಾರೆ. ಆ ಜಾಗದ ಅಕ್ಷರಗಳು ಹೋದವು. ಭಕ್ತಿಯಿಂದ ಮಾಡಿದ ಕೆಲಸವೇ, ದ್ವೇಷದಿಂದಲ್ಲ. ಓದಲು ಬಾರದ ಲಿಪಿ ಬರಿ ಕಲ್ಲಾಗಿ ಕಂಡಿತ್ತು, ಅಷ್ಟೆ. ಮುಂದೆ ನಮ್ಮ ಕಾಗದಗಳ ಮಾತು ಬಂದಾಗ ಈ ತೂತನ್ನು ನೆನಪಿಡಬೇಕು.

ಆಳಂದದ ಹೆಸರು ಹೊತ್ತ ಕಥೆಯೊಂದು ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿದೆ. ಸುಮಾರು ಕ್ರಿ.ಶ. 1200ರ ಆ ಶಾಸನದ ಪ್ರಕಾರ ಏಕಾಂತದ ರಾಮಯ್ಯ ಆಳಂದೆಯವನು. ಅಬ್ಬಲೂರಿನಲ್ಲಿ ಜೈನರೊಡನೆ ವಾದಕ್ಕಿಳಿದಾಗ ಅವನು ಬಾಯಿಮಾತು ನಂಬಲಿಲ್ಲ, ಪಂಥದ ಷರತ್ತನ್ನು ಓಲೆಯ ಮೇಲೆ ಬರೆಸಿಕೊಂಡ. ಮುಂದೆ ತಕರಾರು ಬಿಜ್ಜಳನ ಮುಂದೆ ಬಂದಾಗ ಆ ಓಲೆಯೇ ಸಾಕ್ಷಿಯಾಯಿತು. ಬಿಜ್ಜಳ ಜಯಪತ್ರ ಕೊಟ್ಟ. ಕಥೆಯ ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು, ಎರಡು ಮತಗಳ ಜಗಳದಲ್ಲಿ ಗೆದ್ದವರ ಕಡೆಯ ಮಾತಷ್ಟೇ ಅಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ. ಆದರೆ ಎಂಟು ನೂರು ವರ್ಷಗಳ ಹಿಂದೆಯೂ ಬರೆದುಕೊಟ್ಟ ಮಾತು ಎತ್ತಿಟ್ಟುಕೊಳ್ಳುವ ವಸ್ತುವಾಗಿತ್ತು ಎಂಬುದು ಅದರಿಂದ ಸ್ಪಷ್ಟ.

ಜೇವರ್ಗಿಯಲ್ಲಿ ಸಹಿಯ ಇನ್ನೊಂದು ರೂಪ ಇದೆ. ಹದಿನೇಳನೆಯ ಶತಮಾನದ ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳು ಅಖಂಡೇಶ್ವರ ಎಂಬ ಅಂಕಿತದಿಂದ ಗುರುತಾಗುತ್ತವೆ. ಅದು ಅವರ ಗುರುವಿನ ಹೆಸರು. ಕೈಬರಹ ಬದಲಾದರೂ, ಓಲೆಯಿಂದ ಓಲೆಗೆ ನಕಲಾದರೂ ಅಂಕಿತ ಉಳಿದು ಬಂತು. ವಚನಕಾರರ ಅಂಕಿತ ಕಾಗದಕ್ಕೆ ಹಚ್ಚಿದ ಸಹಿಯಲ್ಲ, ಮಾತಿನೊಳಗೆ ನೇಯ್ದ ಸಹಿ. ವಚನ ಬಿಟ್ಟು ಅಂಕಿತವನ್ನಷ್ಟೇ ಸಂಗ್ರಹಿಸುತ್ತೇನೆ ಎಂದು ಯಾರಾದರೂ ಹೊರಟರೆ ನಾವು ನಗುತ್ತೇವೆ. ಪತ್ರದಿಂದ ಸಹಿ ಕತ್ತರಿಸುವವರನ್ನು ಕಂಡಾಗ ಮಾತ್ರ ಯಾಕೆ ನಗು ಬರುವುದಿಲ್ಲವೋ ಗೊತ್ತಿಲ್ಲ.

ಅಕ್ಷರ ಬಾರದವರಿಗೂ ಸಹಿ ಇತ್ತು. ಹಳೆಯ ಮರಾಠಿ ಮಹಜರುಗಳಲ್ಲಿ ಊರಿನ ಪಾಟೀಲನ ಹೆಸರಿನ ಮುಂದೆ ನೇಗಿಲ ಚಿತ್ರ, ವ್ಯಾಪಾರಿಯ ಹೆಸರಿನ ಮುಂದೆ ತಕ್ಕಡಿಯ ಚಿತ್ರ ಇರುತ್ತಿತ್ತು. ಅದನ್ನೇ ನಿಶಾನಿ ಎನ್ನುತ್ತಿದ್ದರು. ಮಾಡುವ ಕೆಲಸವೇ ದಸ್ಕತ್ತು. ಹೆಬ್ಬೆಟ್ಟು ಬಂದದ್ದು ಆಮೇಲೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಶಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಇಡೀ ಅಂಗೈಯ ಗುರುತನ್ನು ಕರಾರಿನ ಮೇಲೆ ಒತ್ತಿಸಿದ. ಅಲ್ಲಿಂದ ಬೆಳೆದ ಪದ್ಧತಿ ಮುಂದೆ ದೇಶದ ಕಚೇರಿಗಳನ್ನೆಲ್ಲ ಹೊಕ್ಕಿತು. ಹೆಬ್ಬೆಟ್ಟಿನ ಕಾಗದಕ್ಕೆ ಹರಾಜಿನಲ್ಲಿ ಬೆಲೆ ಬರುವುದಿಲ್ಲ. ಊರಿನ ಇತಿಹಾಸಕ್ಕೆ ಅದು ಮಂತ್ರಿಯ ಸಹಿಗಿಂತ ಹೆಚ್ಚು ಹೇಳಬಲ್ಲದು.

ಒಂದು ಸಂದೂಕ, ನಾಲ್ಕು ಲಿಪಿ

ನಿಜಾಮರ ಕಾಲದಲ್ಲಿ ನಮ್ಮ ಹಿರಿಯರು ಮನೆಯಲ್ಲಿ ಕನ್ನಡ ಆಡಿದರು. ಲೆಕ್ಕ ಬರೆದದ್ದು ಅನೇಕ ಕಡೆ ಮರಾಠಿಯ ಮೋಡಿ ಲಿಪಿಯಲ್ಲಿ. ಸರ್ಕಾರದ ಭಾಷೆ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ಗಡಿಯಾಚೆಯ ಮುಂಬಯಿ ಪ್ರಾಂತ್ಯದ ಜೊತೆ ವ್ಯವಹಾರ ಮರಾಠಿ, ಇಂಗ್ಲಿಷಿನಲ್ಲಿ. ಹಾಗಾಗಿ ಒಂದೇ ಸಂದೂಕದಲ್ಲಿ ನಾಲ್ಕು ಲಿಪಿಯ ಕಾಗದ ಸಿಕ್ಕರೆ ಆಶ್ಚರ್ಯ ಪಡಬೇಕಿಲ್ಲ. ಮನೆಯಲ್ಲಿ ಕನ್ನಡ ಬಲ್ಲ ಯಜಮಾನ ಕಾಗದದ ಮೇಲೆ ಉರ್ದುವಿನಲ್ಲಿ ಸಹಿ ಮಾಡಿದ್ದೂ ಉಂಟು.

ಕಾಗದ ಹಾಳಾಗಲು ಗೆದ್ದಲು, ಮಳೆ ಕಾರಣ ಎನ್ನುತ್ತೇವೆ. ಅದಕ್ಕೂ ಮುಂಚಿನ ಕಾರಣ ಒಂದಿದೆ. ಅಜ್ಜ ಓದುತ್ತಿದ್ದ ಉರ್ದು ಮಗನಿಗೆ ಅರ್ಧ ಬಂತು, ಮೊಮ್ಮಗನಿಗೆ ಬರಲಿಲ್ಲ. ಮೋಡಿ ಓದುವವರು ಈಗ ತಾಲೂಕಿಗೆ ಒಬ್ಬರು ಸಿಗುವುದೂ ಕಷ್ಟ. ಓದಲು ಬಾರದ ಕಾಗದ ಮನೆಯಲ್ಲಿ ಮೊದಲು ರದ್ದಿಯಾಗುತ್ತದೆ, ಆಮೇಲೆ ಗೆದ್ದಲಿನ ಪಾಲಾಗುತ್ತದೆ. ಸನ್ನತಿಯ ಕಲ್ಲಿಗೆ ಆದದ್ದೇ ಇದು.

ಇನ್ನೊಂದು ಕಾರಣ ಭಯ. 1929ರ ಗಸ್ತಿ ಸಂಖ್ಯೆ 53 ಎಂಬ ಸುತ್ತೋಲೆ ಅನುಮತಿ ಇಲ್ಲದೆ ಸಭೆ ಸೇರುವುದನ್ನು ತಡೆಯಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವಾಗಲೇ ನಿಷೇಧಕ್ಕೆ ಒಳಗಾಯಿತು. ಚಳವಳಿಯ ನಾಯಕರ ಕಾಗದ ಮನೆಯಲ್ಲಿ ಸಿಕ್ಕರೆ ಅದೇ ಪುರಾವೆ. ಓದಿ ಒಲೆಗೆ ಹಾಕುವುದು ಜಾಣತನವಾಗಿತ್ತು. ಆ ಕಾಲದ ಪತ್ರ ಇಂದು ಯಾರದ್ದಾದರೂ ಮನೆಯಲ್ಲಿ ಉಳಿದಿದ್ದರೆ, ಯಾರೋ ಅಪಾಯ ಅರಿತೂ ಅದನ್ನು ಎತ್ತಿಟ್ಟಿದ್ದಾರೆ ಎಂದರ್ಥ. ಆ ಧೈರ್ಯವೂ ಪತ್ರದ ಇತಿಹಾಸದ ಭಾಗವೇ.

ಹೋರಾಟದ ಪತ್ರಗಳಷ್ಟೇ ಅಲ್ಲ. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ದೂರದ ಊರಲ್ಲ. ದ. ರಾ. ಬೇಂದ್ರೆಯವರು 1944ರಿಂದ 1956ರ ತನಕ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆ ಅದೇ ಊರಿನವರು. ಕಲಬುರಗಿಯಲ್ಲೇ ನಾಲ್ಕು ಸಮ್ಮೇಳನಗಳು ನಡೆದಿವೆ: 1928ರಲ್ಲಿ ಬಿ. ಎಂ. ಶ್ರೀಕಂಠಯ್ಯ, 1949ರಲ್ಲಿ ಉತ್ತಂಗಿ ಚನ್ನಪ್ಪ, 1987ರಲ್ಲಿ ಸಿದ್ಧಯ್ಯ ಪುರಾಣಿಕ, 2020ರಲ್ಲಿ ಎಚ್. ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರು. ಸಮ್ಮೇಳನಕ್ಕೆ ಹೋದವರ ಪುಸ್ತಕದ ಮೊದಲ ಪುಟವನ್ನು ಒಮ್ಮೆ ತಿರುವಿ ನೋಡಿ. ಯಾರ ಸಹಿ, ಯಾವ ತಾರೀಖು ಎಂದು ಗುರುತಿಸಲು ಮನೆಯ ಹಿರಿಯರು ಇರುವಾಗಲೇ ನೋಡಿ.

ಸಹಿಯೇ ಪುರಾವೆಯಾದ ಕಾಲ

ನಮ್ಮ ಭಾಗದಲ್ಲಿ ದೊಡ್ಡವರ ಸಹಿಯನ್ನು ಜನ ಹೆಮ್ಮೆಗಾಗಿ ಇಟ್ಟುಕೊಂಡದ್ದಕ್ಕಿಂತ ಪುರಾವೆಗಾಗಿ ಇಟ್ಟುಕೊಂಡದ್ದೇ ಹೆಚ್ಚು. ಇದಕ್ಕೆ ಹೈದರಾಬಾದ್ ವಿಮೋಚನೆಯೇ ಸಾಕ್ಷಿ.

1947–48ರಲ್ಲಿ ರಜಾಕಾರರ ಹಾವಳಿಗೆ ಎದುರಾಗಿ ಗಡಿಯುದ್ದಕ್ಕೂ, ಸಂಸ್ಥಾನದ ಹೊರಗಿನ ಊರುಗಳಲ್ಲಿ ಹೋರಾಟದ ಶಿಬಿರಗಳು ಹುಟ್ಟಿಕೊಂಡವು. ಆಳಂದ, ಅಫಜಲಪುರ, ಜೇವರ್ಗಿಗೆ ಗಡಿ ಹತ್ತಿರ. ಒಂದು ಕಡೆ ಅಕ್ಕಲಕೋಟೆ, ಸೊಲ್ಲಾಪುರ, ಇನ್ನೊಂದು ಕಡೆ ಇಂಡಿ, ಸಿಂದಗಿ. ಶಿಬಿರದಲ್ಲಿ ಯಾರಿದ್ದರು ಎಂದು ಸರ್ಕಾರ ಹಾಜರಿ ಹಿಡಿಯಲಿಲ್ಲ. ಇದ್ದವರಿಗೂ ಮುಂದೆ ಅದನ್ನು ಸಾಬೀತು ಮಾಡಬೇಕಾದೀತು ಎಂಬ ಅರಿವಿರಲಿಲ್ಲ.

1972ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿಗೆ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆ ತಂದಿತು. ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸ ಅಥವಾ ಭೂಗತ ಜೀವನದ ಪುರಾವೆ ಬೇಕು. 1980ರ ದಶಕದಲ್ಲಿ ಹೈದರಾಬಾದ್ ಗಡಿ ಶಿಬಿರದವರ ಅರ್ಜಿಗಳೂ ಪರಿಗಣನೆಗೆ ಬಂದವು. ಕಚೇರಿ ದಾಖಲೆ ಇಲ್ಲದವರು ಜೊತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರ ತರಬೇಕು, ಇಲ್ಲವೇ ಹೆಸರಾದ ಹೋರಾಟಗಾರರಿಂದ ನನಗೆ ಖುದ್ದು ಗೊತ್ತಿದೆ ಎಂದು ಬರೆಸಿಕೊಂಡು ಬರಬೇಕು. ಅಂದರೆ ಒಬ್ಬ ಮನುಷ್ಯನ ಯೌವನದ ತ್ಯಾಗ ಇನ್ನೊಬ್ಬರ ಸಹಿಯ ಮೇಲೆ ನಿಂತಿತು.

ಈಗ ಒಂದು ತಾರೀಖು ನೋಡಿ. ಹೈದರಾಬಾದ್ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ನೆರೆಯ ಸಿಂದಗಿಯಲ್ಲಿ, 1903ರಲ್ಲಿ. 1952ರ ಮೊದಲ ಲೋಕಸಭೆಗೆ ಗುಲಬರ್ಗಾದಿಂದ ಆಯ್ಕೆಯಾದವರೂ ಅವರೇ. ಅವರು ತೀರಿಕೊಂಡದ್ದು 1972ರ ಜನವರಿ 22ರಂದು. ಪಿಂಚಣಿ ಯೋಜನೆ ಬರಲು ಇನ್ನೂ ಏಳು ತಿಂಗಳು ಬಾಕಿ ಇತ್ತು. ಯಾರನ್ನು ಕೇಳಿದ್ದರೆ ಹೋರಾಟದ ಕಥೆ ಮೊದಲಿನಿಂದ ಕೊನೆ ತನಕ ಹೇಳುತ್ತಿದ್ದರೋ, ಅವರ ಸಹಿ ಆ ಯೋಜನೆಯ ಅರ್ಜಿಯ ಮೇಲೆ ಬೀಳುವಂತಿರಲಿಲ್ಲ. ಅವರು ಬದುಕಿದ್ದಾಗ ಬರೆದ ಒಂದು ಸಾಲಿನ ಕಾಗದಕ್ಕೂ ಆಗ ಬೆಲೆ ಬಂತು.

ಅವರ ಕಾಗದ ಹುಡುಕುವವರು ಇನ್ನೊಂದು ಸಂಗತಿ ನೆನಪಿಡಬೇಕು. ಸನ್ಯಾಸಕ್ಕೆ ಮೊದಲು ಅವರ ಹೆಸರು ವೆಂಕಟೇಶ ಖೇಡಗಿಕರ. ಆ ಹೆಸರಿನ ಸಹಿ ಇದ್ದ ಕಾಗದ ಸಿಕ್ಕರೆ ಯಾರೋ ಮಾಸ್ತರರದ್ದು ಎಂದು ಬದಿಗಿಡುವ ಸಾಧ್ಯತೆ ಹೆಚ್ಚು. ಅವರು ಸಂಸ್ಥಾನದ ಮರಾಠಿ ಭಾಗದಲ್ಲಿ ಶಿಕ್ಷಕರಾಗಿಯೂ ಇದ್ದವರು, ಆ ಊಹೆ ಪೂರ್ತಿ ತಪ್ಪೂ ಅಲ್ಲ!

ಸಹಿಗೆ ಹಣ ಬಂದಲ್ಲಿ ನಕಲಿಯೂ ಬರುತ್ತದೆ. ಹಿಂದೆ ಇದೇ ಸಂಸ್ಥಾನದಲ್ಲಿದ್ದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ನಕಲಿ ಸ್ವಾತಂತ್ರ್ಯ ಯೋಧರ ವಿಚಾರಣೆಗೆ ಆಯೋಗ ಕೂತಿತು, ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಿಜವಾಗಿ ಶಿಬಿರದಲ್ಲಿದ್ದವನ ಅರ್ಜಿಯನ್ನೂ ಜನ ಅನುಮಾನದಿಂದ ನೋಡುವಂತಾಯಿತು. ಅಸಲಿ ಕಾಗದಗಳನ್ನು ಊರೂರಲ್ಲಿ ಮೊದಲೇ ಪಟ್ಟಿ ಮಾಡಿಟ್ಟಿದ್ದರೆ ಎರಡು ನಷ್ಟವೂ ಕಡಿಮೆಯಾಗುತ್ತಿತ್ತು.

ಪಿಂಚಣಿಯ ಕಾಲ ಹೆಚ್ಚುಕಡಿಮೆ ಮುಗಿದಿದೆ. 1948ರಲ್ಲಿ ಇಪ್ಪತ್ತರ ಹರೆಯದವರಿಗೆ ಈಗ ನೂರರ ಹತ್ತಿರ. ಪುರಾವೆಯಾಗಿ ಕಾಗದದ ಕೆಲಸ ಮುಗಿಯಿತು ಎಂದು ಮನೆಯವರು ತಿಳಿಯುವ ಹೊತ್ತು ಇದೇ. ಇತಿಹಾಸವಾಗಿ ಅದರ ಕೆಲಸ ಶುರುವಾಗುವ ಹೊತ್ತೂ ಇದೇ.

ಕಾಗದ ಓದುವ ಕ್ರಮ

ಹಳೆಯ ಪತ್ರ ಸಿಕ್ಕಾಗ ಮೊದಲು ಸಹಿ ನೋಡುತ್ತೇವೆ. ಕೊನೆಗೆ ನೋಡಬೇಕಾದ್ದು ಅದು. ಮೊದಲು ತಾರೀಖು. ನಿಜಾಮ ರಾಜ್ಯದ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿನಿಂದ ಶುರು. ಅಕ್ಟೋಬರಿನಿಂದ ಡಿಸೆಂಬರ್ ತನಕದ ಕಾಗದವಾದರೆ ಫಸಲಿಗೆ 590 ಕೂಡಿಸಿ, ಜನವರಿಯ ನಂತರದ್ದಾದರೆ 591. ಜಹಗೀರು ರದ್ದತಿಯ ಕಾನೂನು 1358 ಫಸಲಿಯದು, ಬಂದದ್ದು 1949ರ ಆಗಸ್ಟಿನಲ್ಲಿ. 591 ಕೂಡಿಸಿ ನೋಡಿ, ಲೆಕ್ಕ ಸರಿ ಬರುತ್ತದೆ.

ಆಮೇಲೆ ಲಕೋಟೆ, ಅಂಚೆ ಚೀಟಿ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, 1950ರ ಏಪ್ರಿಲ್ ತನಕ. ಕಾಗದದಲ್ಲಿ ಹಣದ ಮಾತಿದ್ದರೆ ಅದು ಹಾಲಿ ಸಿಕ್ಕಾವೋ ಕಲ್ದಾರೋ ನೋಡಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂದು ಲೆಕ್ಕ ಹಿಡಿದು ಹಾಲಿ ಹಣ ಹಿಂದಕ್ಕೆ ಪಡೆದರು. ನಯಾ ಪೈಸೆ ಎಂದಿದ್ದರೆ 1957ರ ಏಪ್ರಿಲ್ ನಂತರದ್ದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಅಚ್ಚಾದ ಲೆಟರ್‌ಹೆಡ್ಡಿನಲ್ಲಿ ಕರ್ನಾಟಕ ಸರ್ಕಾರ ಎಂದಿದ್ದರೆ 1973ರ ನವೆಂಬರ್ ನಂತರದ್ದು. ವಿಳಾಸದಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. 1948ರ ಪತ್ರ ಎಂದು ಬಾಲ್ ಪೆನ್ನಿನಲ್ಲಿ ಬರೆದ ಹಾಳೆ ತೋರಿಸಿದರೆ ಎರಡು ಸಲ ಯೋಚಿಸಿ.

ಸಹಿಯ ಸರದಿ ಈಗ. ರಬ್ಬರ್ ಠಸ್ಸೆಯ ಸಹಿಯಲ್ಲಿ ಮಸಿ ಅಂಚಿಗೆ ಸರಿದಿರುತ್ತದೆ, ಪೆನ್ನು ಒತ್ತಿದ ಗುರುತು ಹಾಳೆಯ ಹಿಂಬದಿಗೆ ಇರುವುದಿಲ್ಲ. ಸೈಕ್ಲೋಸ್ಟೈಲ್ ಕಾಗದದಲ್ಲಿ ಸಹಿಯೂ ಅಕ್ಷರವೂ ಒಂದೇ ಮಸಿ. ಮಂತ್ರಿಗಳ ಶಿಫಾರಸು ಪತ್ರಗಳಲ್ಲಿ ಆಪ್ತ ಸಹಾಯಕರೇ ಸಹಿ ಮಾಡುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ಜೇವರ್ಗಿ ತಾಲೂಕಿನ ನೇಲೋಗಿಯ ಎನ್. ಧರ್ಮಸಿಂಗ್ 2004ರಿಂದ 2006ರ ತನಕ ಮುಖ್ಯಮಂತ್ರಿಯಾಗಿದ್ದರು. ಅಂತಹ ನಾಯಕರ ಕಾಲದ ಶಿಫಾರಸು ಪತ್ರ ಇಂದು ಸಾಮಾನ್ಯ ಹಾಳೆಯಂತೆ ಕಾಣಬಹುದು. ಯಾವ ಊರಿನವರು, ಯಾವ ಕೆಲಸಕ್ಕೆ, ಯಾರ ಬಳಿ ಹೋಗಬೇಕಾಗಿತ್ತು ಎಂಬ ವಿವರ ಅದರಲ್ಲಿದೆ. ಸಹಿ ಸಹಾಯಕನದ್ದೇ ಆಗಿದ್ದರೂ ಆ ವಿವರ ಸುಳ್ಳಾಗುವುದಿಲ್ಲ. ಸಹಿಯನ್ನಷ್ಟೇ ಸಂಗ್ರಹಿಸುವವನಿಗೆ ಅದು ರದ್ದಿ, ಕಾಗದ ಸಂಗ್ರಹಿಸುವವನಿಗೆ ದಾಖಲೆ.

ನಾವೇ ಮಾಡುವ ಹಾನಿ

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಜನ ಮೊದಲು ಮಕ್ಕಳನ್ನು, ದನಗಳನ್ನು, ಜೋಳದ ಚೀಲವನ್ನು ಎತ್ತಿದರು. ಅದೇ ಸರಿ. ಅಂತಹ ಹೊತ್ತಿನಲ್ಲಿ ಕಾಗದ ಎತ್ತಿಡಲಿಲ್ಲ ಎಂದು ಯಾರನ್ನೂ ದೂರುವಂತಿಲ್ಲ. ಆದರೆ ಆ ಕಾಗದದ ಒಂದು ಫೋಟೋ ಬೇರೆ ಊರಿನ ನೆಂಟರ ಮೊಬೈಲಿನಲ್ಲಿ ಇದ್ದಿದ್ದರೆ ಅದರ ಮಾತಾದರೂ ಉಳಿಯುತ್ತಿತ್ತು.

ನೆರೆಗಿಂತ ಹೆಚ್ಚು ಹಾನಿ ಪ್ರೀತಿಯಿಂದ ಆಗುತ್ತದೆ. ಮೊದಲನೆಯದು ಲ್ಯಾಮಿನೇಷನ್. ಬಿಸಿ ಮತ್ತು ಅಂಟಿನಲ್ಲಿ ಸಿಕ್ಕ ಹಳೆಯ ಹಾಳೆಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಎರಡನೆಯದು ಸೆಲ್ಲೋಟೇಪು. ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಮೂರನೆಯದು ಕುಂಕುಮ, ಅರಿಶಿನ. ನಮ್ಮಲ್ಲಿ ದೊಡ್ಡವರ ಅಕ್ಷರ ಪೂಜೆಗೂ ಸಲ್ಲುತ್ತದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಗುರುಚರಿತ್ರೆಯ ಮೂಲ ಹಸ್ತಪ್ರತಿ ಇದೆ ಎಂಬುದು ಗಾಣಗಾಪುರಕ್ಕೆ ನಡೆದುಕೊಳ್ಳುವ ದತ್ತ ಭಕ್ತರ ನಂಬಿಕೆ. ನಂಬಿಕೆಯೇ ಎಷ್ಟೋ ಹಸ್ತಪ್ರತಿಗಳನ್ನು ಕಾಪಾಡಿದೆ, ಅದನ್ನು ಹಳಿಯಬಾರದು. ಪೂಜೆ ಬಟ್ಟೆಯ ಹೊರಗೆ ನಡೆಯಲಿ, ಹಾಳೆ ಬಟ್ಟೆಯೊಳಗೆ ಒಣಗಿರಲಿ. ಅಷ್ಟೇ ಬೇಕಾದ್ದು.

ನಾಲ್ಕನೆಯದು ಕತ್ತರಿ. ಚೌಕಟ್ಟು ಹಾಕಲು ಸಹಿಯ ಭಾಗ ಕತ್ತರಿಸುತ್ತಾರೆ. ಅಂಚೆ ಚೀಟಿ ಸಂಗ್ರಹಿಸುವ ಹುಡುಗ ಲಕೋಟೆಯ ಮೂಲೆ ಕತ್ತರಿಸುತ್ತಾನೆ. ಅಣ್ಣತಮ್ಮಂದಿರ ಪಾಲಿನಲ್ಲಿ ಪತ್ರದ ಕಟ್ಟು ಹರಿದು ಮೂರು ಮನೆ ಸೇರುತ್ತದೆ. ತಾರೀಖು ಒಂದು ಕಡೆ, ಸಹಿ ಇನ್ನೊಂದು ಕಡೆ. ಸನ್ನತಿಯ ಕಲ್ಲಿನ ತೂತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಈಗ ಕಾನೂನೂ ಇದರಲ್ಲಿ ಬಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ, ದಾಖಲೆ 75 ವರ್ಷ ತುಂಬಿದರೆ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡಲು ಪರವಾನಗಿ ಬೇಕು. 1948ರ ಸೆಪ್ಟೆಂಬರ್ 17ರ ಕಾಗದಕ್ಕೆ 2023ರಲ್ಲಿ 75 ತುಂಬಿತು. ವಿಮೋಚನೆಯ ಕಾಲದ ಪತ್ರಗಳೆಲ್ಲ ಈಗ ಕಾನೂನಿನ ಕಣ್ಣಲ್ಲೂ ಹಳೆಯವೇ. ಊರಿಗೆ ಬಂದು ಹಳೆ ಕಾಗದ, ಹಳೆ ನಾಣ್ಯ ಕೊಳ್ಳುತ್ತೇವೆ ಎನ್ನುವವರಿಗೆ ಕೊಡುವ ಮೊದಲು ಇದು ತಿಳಿದಿರಲಿ.

ಇನ್ನೊಂದು ಮಾತು. ಕಾಗದ ಪಡೆದವರ ಆಸ್ತಿ, ಆದರೆ ಅದರಲ್ಲಿನ ಬರಹದ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. ಅಜ್ಜನಿಗೆ ಬಂದ ಕವಿಯ ಪತ್ರವನ್ನು ಇಟ್ಟುಕೊಳ್ಳಬಹುದು, ತೋರಿಸಬಹುದು. ಪೂರ್ತಿ ಅಚ್ಚು ಹಾಕುವ ಮೊದಲು ಕೇಳಬೇಕು. ಪತ್ರದಲ್ಲಿ ಬೇರೆಯವರ ಮನೆಯ ಗುಟ್ಟು, ಸಾಲ, ಕಾಯಿಲೆಯ ಮಾತಿದ್ದರೆ ಫೇಸ್‌ಬುಕ್ಕಿಗೆ ಹಾಕದಿರುವುದೇ ಮರ್ಯಾದೆ.

ಏನು ಮಾಡಬಹುದು

ಇದಕ್ಕೆ ದುಡ್ಡು ಹೆಚ್ಚು ಬೇಕಿಲ್ಲ. ಹಗಲು ಬೆಳಕಿನಲ್ಲಿ ಕಾಗದದ ಎರಡೂ ಬದಿ, ಲಕೋಟೆಯ ಎರಡೂ ಬದಿ ಫೋಟೋ ತೆಗೆಯಿರಿ. ಯಾವ ಊರು, ಯಾರ ಮನೆತನ, ಯಾರಿಗೆ ಬಂದದ್ದು, ಮನೆಯಲ್ಲಿ ಅದರ ಬಗ್ಗೆ ಏನು ಹೇಳುತ್ತಾರೆ ಎಂದು ಬೇರೆ ಹಾಳೆಯಲ್ಲಿ ಬರೆದಿಡಿ. ಅಸಲಿ ಕಾಗದದ ಮೇಲೆ ಏನೂ ಬರೆಯಬೇಡಿ. ಪಿನ್ನು ತೆಗೆಯಿರಿ, ಮಡಿಕೆ ಬಿಡಿಸಿ, ಸ್ವಚ್ಛ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ ಇಡಿ. ಉರ್ದು, ಮೋಡಿ ಬಲ್ಲ ಹಿರಿಯರಿಂದ ಓದಿಸಿ, ಓದುವಾಗ ರೆಕಾರ್ಡ್ ಮಾಡಿಕೊಳ್ಳಿ.

ಮನೆಯಲ್ಲಿ ಇಡಲಾಗದು ಎನಿಸಿದರೆ ರದ್ದಿಯವನ ಮೊದಲು ಬೇರೆ ದಾರಿ ನೋಡಿ. ರಾಜ್ಯ ಪತ್ರಾಗಾರ ಇಲಾಖೆಗೆ ಕಲಬುರಗಿಯಲ್ಲಿ ವಿಭಾಗೀಯ ಕಚೇರಿ ಇದೆ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೇ ಆಳಂದ ರಸ್ತೆಯ ಕಡಗಂಚಿಯಲ್ಲಿ. ಅಸಲಿ ಕೊಡುವ ಮನಸ್ಸಿಲ್ಲದವರು ನಕಲನ್ನಾದರೂ ಇಂತಹ ಕಡೆ ಮುಟ್ಟಿಸಬಹುದು. ಕೊಟ್ಟದ್ದಕ್ಕೆ ಸಹಿ ಇದ್ದ ಸ್ವೀಕೃತಿ ಪತ್ರ ತಪ್ಪದೆ ಪಡೆಯಿರಿ. ಅದನ್ನೂ ಎತ್ತಿಡಿ.

ಸಂವಿಧಾನದ ಸಹಿ ಪುಟಗಳಲ್ಲಿ ನಮ್ಮ ಭಾಗದ ಹೆಸರಿಲ್ಲ. ಅದನ್ನು ಇನ್ನು ಬದಲಿಸಲು ಆಗುವುದಿಲ್ಲ. ಅದೇ ಕಾಲದಲ್ಲಿ ಗಡಿ ದಾಟಿದವರು, ಸೆರೆಗೆ ಹೋದವರು, ಕಾಗದ ಬಚ್ಚಿಟ್ಟವರು ಯಾರು ಎಂಬುದು ಮಾತ್ರ ನಮ್ಮ ಸಂದೂಕಗಳಲ್ಲಿ ಅಲ್ಲಲ್ಲಿ ಇನ್ನೂ ಇದೆ. ಈ ಬೇಸಿಗೆಯಲ್ಲಿ ಮನೆಗೆ ಸುಣ್ಣ ಹಚ್ಚಲು ಸಂದೂಕ ಅಂಗಳಕ್ಕೆ ತೆಗೆದಾಗ, ಮತ್ತೆ ಒಳಗಿಡುವ ಮೊದಲು ಒಂದು ತಾಸು ಅದರ ಮುಂದೆ ಕೂತುಕೊಳ್ಳಿ.